ಲೋಟ ಐದೇ, ಕೆಫೀನ್ ಮೂರರಲ್ಲೊಂದು ಪಾಲು

"ಡಿಕ್ಯಾಫ್ ಕುಡಿಯೋದೂ ಒಂದೇ, ಒಣಗಿದ ಹೊಳೇಲಿ ಈಜೋದೂ ಒಂದೇ ಕಣೋ" ಅಂತ ನಮ್ಮಣ್ಣ ಎರಡು ವರ್ಷ ನನ್ನನ್ನು ಆಡಿಕೊಂಡ. ಡಿಕ್ಯಾಫ್ ಅಂದರೆ ಕೆಫೀನ್ ತೆಗೆದ ಕಾಫಿ. ಈಗ ಅವನೇ ಸಂಜೆ ಬಂದರೆ ಎರಡನೇ ಲೋಟ ಕೇಳುತ್ತಾನೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಾನು ದಿನಕ್ಕೆ ಐದು ಲೋಟ ಕಾಫಿಯವನು. ಬೆಳಿಗ್ಗೆ ಆರಕ್ಕೊಂದು, ಒಂಬತ್ತಕ್ಕೊಂದು, ಹನ್ನೊಂದೂವರೆಗೆ, ನಾಲ್ಕಕ್ಕೆ, ಕೊನೆಯದು ಏಳಕ್ಕೆ. ಒಂದೊಂದಕ್ಕೂ 15 ಗ್ರಾಂ ಪುಡಿ, 240 ಎಂಎಲ್ ನೀರು. ಲೋಟಕ್ಕೆ ಸುಮಾರು 95 ಮಿಲಿಗ್ರಾಂ ಕೆಫೀನ್ ಅಂತ ಹಿಡಿದರೆ ದಿನಕ್ಕೆ 475 ಹತ್ತಿರ. ಆರೋಗ್ಯವಂತ ವಯಸ್ಕರಿಗೆ 400ರ ಒಳಗಿದ್ದರೆ ತೊಂದರೆಯಿಲ್ಲ ಅನ್ನುತ್ತಾರೆ. ನಾನು ಬೇಲಿ ಹಾರಿ ಎಷ್ಟೋ ವರ್ಷವಾಗಿತ್ತು. ಹೊಟ್ಟೆಗೆ ಏನೂ ಆಗಲಿಲ್ಲ, ಹೋಗಿದ್ದು ನಿದ್ದೆ. ಒಳಗೆ ಹೋದ ಕೆಫೀನ್ ಅರ್ಧ ಇಳಿಯುವುದಕ್ಕೇ ಐದು ತಾಸು ಬೇಕು. ಏಳಕ್ಕೆ ಕುಡಿದದ್ದರಲ್ಲಿ ಅರ್ಧ ನಡುರಾತ್ರಿಗೂ ರಕ್ತದಲ್ಲೇ ಓಡಾಡುತ್ತಿರುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ದಡ್ಡತನ: ಒಂದು ಸೋಮವಾರದಿಂದ ಪೂರ್ತಿ ಬಂದ್. ಮೊದಲ ದಿನ ವೀರನ ಹಾಗೆ ಓಡಾಡಿದೆ. ಎರಡನೇ ದಿನ ಮಧ್ಯಾಹ್ನ ಕಣ್ಣಿನ ಹಿಂದೆ ಯಾರೋ ಗೂಟ ಹೊಡೆದಂತೆ ತಲೆನೋವು. ಮೂರನೇ ದಿನ ಮನೆಯವರೆಲ್ಲ ನನ್ನಿಂದ ದೂರ ಇದ್ದರು. ನಾಲ್ಕನೇ ದಿನ ಬೆಳಿಗ್ಗೆ ಸಾಲಾಗಿ ಮೂರು ಲೋಟ ಇಳಿಸಿದೆ.

ಆಮೇಲೆ ಟೀಗೆ ಹೋದೆ. ಟೀಯಲ್ಲಿ ಕೆಫೀನ್ ಕಾಫಿಯ ಅರ್ಧದಷ್ಟೇ ಅಂತ ಲೆಕ್ಕ ಹಾಕಿ ಖುಷಿಪಟ್ಟೆ. ಆದರೆ ಐದು ಲೋಟ ಕಾಫಿಯ ಜಾಗಕ್ಕೆ ಒಂಬತ್ತು ಲೋಟ ಟೀ ಬಂದು ಕೂತಿತು. ಲೆಕ್ಕ ಸುತ್ತಿ ಸುತ್ತಿ ಅಲ್ಲಿಗೇ.

ಮೂರನೆಯದು ಬರೀ ಬಿಸಿನೀರು. ಇದು ಸೋತರೂ ದಾರಿ ತೋರಿಸಿದ್ದು ಇದೇ. ನನ್ನದೇ ಲೋಟದಲ್ಲಿ, ನನ್ನದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ ಬಿಸಿನೀರು ಹಿಡಿದು ಕೂತೆ. ಕೈಗೆ ಸಮಾಧಾನವಾಯಿತು, ಕಾಲು ಚಾಚಿದೆ, ಉಸಿರೂ ಸಡಿಲವಾಯಿತು. ಮುನಿಸಿಕೊಂಡದ್ದು ಮೂಗು ಮಾತ್ರ. ಲೋಟ ತುಟಿಗೆ ತಂದಾಗ ಬರಬೇಕಾದ ವಾಸನೆ ಬರಲಿಲ್ಲ. ಅಂದರೆ ಏಳು ಗಂಟೆಯ ಲೋಟದಲ್ಲಿ ನನಗೆ ಬೇಕಿದ್ದದ್ದು ಬಿಸಿ, ಭಾರ, ವಾಸನೆ. ಕೆಫೀನ್ ಜೊತೆಗೆ ಬಂದ ನೆಂಟ.

ಹಾಗೆ ಡಿಕ್ಯಾಫ್‌ಗೆ ಬಂದೆ. "ಅದರಲ್ಲಿ ಕೆಮಿಕಲ್ ಇರುತ್ತಂತೆ" ಅಂದ ಅಣ್ಣ. ಪೂರ್ತಿ ಸುಳ್ಳಲ್ಲ, 1900ರ ದಶಕದ ಶುರುವಿನಲ್ಲಿ ಜರ್ಮನಿಯ ಕಾಫಿ ವ್ಯಾಪಾರಿ ಲುಡ್ವಿಗ್ ರೊಸೆಲಿಯಸ್ ಕೆಫೀನ್ ತೆಗೆದದ್ದು ಬೆಂಜೀನ್‌ನಿಂದ. ಈಗ ಬೆಂಜೀನಿನ ಕಾಲ ಹೋಯಿತು. ನೀರಿನಲ್ಲಿ ತೆಗೆದದ್ದು, ಕಾರ್ಬನ್ ಡೈಆಕ್ಸೈಡ್‌ನಲ್ಲಿ ತೆಗೆದದ್ದು ಎರಡೂ ಸಿಗುತ್ತವೆ. ನಾನು ನೀರಿನದ್ದನ್ನೇ ಹಿಡಿದೆ.

ಹಣ ಸುರಿದದ್ದು ಇಲ್ಲೇ. ಡಿಕ್ಯಾಫ್ ಬೀಜ ಮಾಮೂಲಿಗಿಂತ ಒಂದೂವರೆ ಪಟ್ಟು ದುಬಾರಿ ಬಿತ್ತು. ಒಟ್ಟಿಗೆ ತಂದರೆ ಅಗ್ಗ ಅಂತ ಎರಡು ಕಿಲೋ ತಂದೆ. ಕೆಫೀನ್ ತೆಗೆದ ಬೀಜಕ್ಕೆ ತಾಳಿಕೆ ಕಡಿಮೆ. ಎಣ್ಣೆ ಬೇಗ ಮೇಲಕ್ಕೆ ಬರುತ್ತದೆ, ಬೇಗ ಮುಗ್ಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಡಬ್ಬಿ ತೆರೆದರೆ ಒದ್ದೆ ರಟ್ಟಿನ ವಾಸನೆ. ಒಂದು ಕಿಲೋ ಮೇಲೆಯೇ ಗಿಡದ ಬುಡಕ್ಕೆ ಹೋಯಿತು. ಡಿಗ್ರಿ ತೋರಿಸುವ ಕೆಟಲ್ ಇನ್ನೊಂದು ದಂಡ: ನನ್ನ ಎರಡು ತಿಂಗಳ ಕಾಫಿ ಖರ್ಚು ಅದೊಂದಕ್ಕೇ. ಕುದಿಸಿ, ಮುಚ್ಚಳ ತೆಗೆದು, ಒಂದು ನಿಮಿಷ ಚಿಲ್ಲರೆ ಕಾದರೆ ಕಾಫಿಗೆ ಬೇಕಾದ 93 ಡಿಗ್ರಿಯ ಹತ್ತಿರ ಬರುತ್ತದೆ ಅಂತ ಕೊಂಡ ಮೇಲೆ ಗೊತ್ತಾಯಿತು. ಈಗ ಅದು ಕಪಾಟಿನ ಮೇಲೆ ಧೂಳು ಕುಡಿಯುತ್ತಿದೆ.

ದಕ್ಕಿದ ದಾರಿ ಇದು. ಕೊನೆಯ ಲೋಟದಿಂದ ಹಿಂದಕ್ಕೆ ಬರಬೇಕು, ಬೆಳಗಿನದನ್ನು ಮುಟ್ಟಬಾರದು. ಏಳು ಗಂಟೆಯ 15 ಗ್ರಾಂನಲ್ಲಿ 3 ಗ್ರಾಂ ಮಾತ್ರ ಡಿಕ್ಯಾಫ್. ಐದು ದಿನ ಬಿಟ್ಟು 6, ಮತ್ತೆ ಐದು ದಿನಕ್ಕೆ 9. ಹೀಗೆ ಇಪ್ಪತ್ತೈದು ದಿನದಲ್ಲಿ ಆ ಲೋಟ ಪೂರ್ತಿ ಬದಲಾಯಿತು. ಆಮೇಲೆ ನಾಲ್ಕು ಗಂಟೆಯದು, ಆಮೇಲೆ ಹನ್ನೊಂದೂವರೆಯದು. ಚಮಚದಲ್ಲಿ ಅಳೆಯಬೇಡಿ, ತೂಕ ಹಾಕಿ. ಬೀಜವನ್ನೇ ಬೆರೆಸಿಟ್ಟು ಬಳಸಿದರೂ ನಂಬಬೇಡಿ, ಒಂದೊಂದು ಸಲಕ್ಕೆ ಒಂದೊಂದು ಪಾಲು ಬರುತ್ತದೆ.

9 ಗ್ರಾಂ ದಾಟಿದಾಗ ಗಾಡಿ ನಿಂತಿತು. ಮೂರು ನಿಮಿಷದಲ್ಲಿ ಇಳಿಯುತ್ತಿದ್ದ ನೀರು ಐದಾದರೂ ಫಿಲ್ಟರ್ ಪೇಪರಿನಲ್ಲೇ ಕೆಸರಾಗಿ ನಿಂತಿರುತ್ತಿತ್ತು, ಇಳಿದದ್ದು ಕಹಿ. ಹತ್ತು ದಿನ ಪುಡಿ ಕಡಿಮೆ ಮಾಡಿದೆ, ನೀರು ಬದಲಿಸಿದೆ, ಪೇಪರನ್ನು ಬೈದೆ. ತಪ್ಪು ಗ್ರೈಂಡರಿನಲ್ಲಿತ್ತು. ಡಿಕ್ಯಾಫ್ ಬೀಜ ಪೆಡಸು, ಒಡೆಯುವಾಗ ಹಿಟ್ಟು ಜಾಸ್ತಿ ಬೀಳುತ್ತದೆ. ಪುಡಿ ದಪ್ಪ ಬರುವಂತೆ ಗ್ರೈಂಡರನ್ನು ಎರಡು ಹಲ್ಲು ತಿರುಗಿಸಿದೆ, ನೀರನ್ನೂ 90ಕ್ಕೆ ಇಳಿಸಿದೆ, ಸರಿಹೋಯಿತು. ಎರಡೂ ಬೀಜವನ್ನು ಬೇರೆ ಬೇರೆ ಪುಡಿ ಮಾಡಿಯೇ ಬೆರೆಸುತ್ತೇನೆ.

ವಾಸನೆಯ ಕೊರತೆ ಉಳಿದಿತ್ತು. ಮಾಮೂಲಿ ಹೊಸ ಪುಡಿಗೆ ಮೊದಲ ನೀರು ಬಿದ್ದರೆ ಅದು ಉಬ್ಬಿ, ನಡುವೆ ಬಿರಿದು, ಸಣ್ಣ ಗುಳ್ಳೆ ಬಿಟ್ಟು ಅಡುಗೆಮನೆಯನ್ನೆಲ್ಲ ತುಂಬುತ್ತದೆ. ಡಿಕ್ಯಾಫ್ ಸುಮ್ಮನೆ ನೆನೆದು ಕೂರುತ್ತದೆ. ಇದಕ್ಕೆ ಒಂದು ಉಪಾಯ ಸಿಕ್ಕಿದೆ. ಒಂದೇ ಗ್ರಾಂ ಮಾಮೂಲಿ ಪುಡಿ ಬೇಕು, ಹಾಕುವ ಹೊತ್ತು ಮುಖ್ಯ. ಯಾವ ಹೊತ್ತು ಅನ್ನುವುದು ನನ್ನಲ್ಲೇ ಇರಲಿ, ಮೂರು ವಾರ ನಿದ್ದೆಗೆಟ್ಟು ಕಂಡುಕೊಂಡದ್ದು.

ಈ ನಡುವೆ ಥರ್ಮಾಮೀಟರ್ ಕೈಗೆ ಬಂದದ್ದರಿಂದ ದಾರಿ ತಪ್ಪಿದ ಪ್ರಯೋಗಗಳೂ ನಡೆದವು. ಒಂದೇ ಅಳತೆಯ ಎರಡು ಲೋಟ ಕಾಫಿಯಲ್ಲಿ ಒಂದಕ್ಕೆ ಆಗಲೇ ಹಾಲು ಹಾಕಿದೆ, ಇನ್ನೊಂದಕ್ಕೆ ಹತ್ತು ನಿಮಿಷ ಬಿಟ್ಟು. ಕೊನೆಗೆ ಅಳೆದರೆ ಮೊದಲೇ ಹಾಲು ಬಿದ್ದದ್ದೇ ಎರಡು ಮೂರು ಡಿಗ್ರಿ ಬಿಸಿ. ಬಹಳ ಬಿಸಿ ಇದ್ದದ್ದು ಬೇಗ ಬಿಸಿ ಕಳೆದುಕೊಳ್ಳುತ್ತದೆ, ಅಷ್ಟೇ. ಮುಚ್ಚಳಕ್ಕಂತೂ ಏನೂ ಸಮವಿಲ್ಲ, ಒಂದು ತಟ್ಟೆ ಮುಚ್ಚಿದರೂ ಸಾಕು. ಫ್ಲಾಸ್ಕಿನಲ್ಲಿ ಇಟ್ಟೆ: ಬಿಸಿ ಉಳಿಯಿತು, ರುಚಿ ಎರಡು ತಾಸಿಗೇ ಸತ್ತಿತು. 1892ರಲ್ಲಿ ವಿಜ್ಞಾನಿ ಜೇಮ್ಸ್ ಡೇವರ್ ಆ ಸಾಧನ ಮಾಡಿದ್ದು ಕಾಫಿಗಾಗಿ ಅಲ್ಲವಲ್ಲ, ತಣ್ಣನೆಯ ದ್ರವಗಳನ್ನು ತಣ್ಣಗೇ ಇಡಲು. ಇನ್ನೊಂದು ತಿಳಿದದ್ದು, ನಾನು ಇಷ್ಟು ವರ್ಷ 70 ಡಿಗ್ರಿಯಲ್ಲೇ ಹೀರುತ್ತಿದ್ದೆ. 65 ದಾಟಿದ ಪಾನೀಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಅನುಮಾನದ ಪಟ್ಟಿಗೆ ಹಾಕಿದೆ. ಈಗ 60ಕ್ಕೆ ಕಾಯುತ್ತೇನೆ. ಆ ಕಾಯುವಿಕೆಯಲ್ಲೇ ಅರ್ಧ ಸುಖ ಇದೆ ಅಂತ ಹೇಳಿದರೆ ಮನೆಯಲ್ಲಿ ನಗುತ್ತಾರೆ.

ಎಲ್ಲ ಸೇರಿ ನಾಲ್ಕು ತಿಂಗಳಾಯಿತು. ಒಂದೇ ಒಂದು ದಿನವೂ ತಲೆ ನೋಯಲಿಲ್ಲ. ಬೆಳಗಿನದು ಹಾಗೇ ಇದೆ, ಒಂಬತ್ತರದ್ದು ಅರ್ಧಕ್ಕರ್ಧ, ಉಳಿದ ಮೂರೂ ಡಿಕ್ಯಾಫ್. ಡಿಕ್ಯಾಫ್‌ನಲ್ಲೂ ಚೂರು ಕೆಫೀನ್ ಉಳಿದಿರುತ್ತದೆ. ಎಲ್ಲ ಕೂಡಿದರೆ 160ರ ಆಸುಪಾಸು. ಲೋಟ ಒಂದೂ ಕಮ್ಮಿಯಾಗಲಿಲ್ಲ.

ಅಣ್ಣನಿಗೆ ಹೇಳದೆ ಎರಡು ವಾರ ಸಂಜೆ ಇದನ್ನೇ ಕೊಟ್ಟೆ. "ಇವತ್ತು ಸ್ವಲ್ಪ ಸ್ಟ್ರಾಂಗಾಯ್ತು" ಅಂತ ಒಂದು ದಿನ ಅಂದ. ಆ ದಿನವೇ ಗುಟ್ಟು ಒಡೆದೆ. ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡ. ಈಗಲೂ ಸುಳ್ಳು ಅನ್ನುತ್ತಾನೆ.

ನನಗೇ ಗೊತ್ತಿಲ್ಲದೆ ಒಂದು ಪರೀಕ್ಷೆ ಹೋದ ತಿಂಗಳು ನಡೆಯಿತು. ಕಪಾಟು ಒರೆಸುವಾಗ ಯಾರೋ ಎರಡು ಡಬ್ಬಿಗಳ ಜಾಗ ಬದಲಿಸಿದ್ದರು. ಏಳಕ್ಕೆ ಕುಡಿದೆ, ರುಚಿಯಲ್ಲಿ ಏನೂ ಅನ್ನಿಸಲಿಲ್ಲ, ಇವತ್ತು ಕೈ ಕುದುರಿತು ಅಂತ ಹಿಗ್ಗಿದೆ. ರಾತ್ರಿ ಎರಡರವರೆಗೆ ಸೂರು ನೋಡುತ್ತಾ ಮಲಗಿದ್ದೆ. ಬೆಳಿಗ್ಗೆ ಎದ್ದು ಎರಡು ಡಬ್ಬಿಯನ್ನೂ ಮೂಸಿ ನೋಡಿದೆ, ಡಿಕ್ಯಾಫಿನ ಮುಚ್ಚಳಕ್ಕೆ ಕೆಂಪು ಟೇಪು ಸುತ್ತಿಟ್ಟೆ.