ಕೆಂಪು ಶಾಯಿ ನೋಡಿ ಶಾಲೆ ಆರಿಸಿದ್ದು: ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. 2022ರಲ್ಲಿ ಮಗಳನ್ನು ಎಂಟನೇ ಕ್ಲಾಸಿಗೆ ಹೊಸ ಪ್ರೈವೇಟ್ ಶಾಲೆಗೆ ಹಾಕುತ್ತೇನೆ ಅಂದಾಗ ಮನೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಅಪ್ಪ ಪೇಪರ್ ಅಡ್ಡ ಹಿಡಿದು ಕೂತರು. ಭಾವ ಮಾತ್ರ ಊಟಕ್ಕೆ ಕೂತಲ್ಲೇ, ಎಲ್ಲರ ಎದುರು, "ಒಂದು ಸಲ ಕೈ ಸುಟ್ಟುಕೊಂಡದ್ದು ಸಾಕಾಗಲಿಲ್ವಾ ಮಾರಾಯ?" ಅಂತ ಕೇಳಿದರು. 2025ರ ಮೇ ತಿಂಗಳಲ್ಲಿ ಹತ್ತನೇ ಕ್ಲಾಸಿನ ರಿಸಲ್ಟ್ ಬಂತು. ಮಗಳಿಗೆ 91 ಪರ್ಸೆಂಟ್, ಕನ್ನಡದಲ್ಲಿ 97. ಹಾಗಾಗಿ ಈಗ ಸ್ವಲ್ಪ ಎದೆ ಉಬ್ಬಿಸಿಯೇ ಬರೆಯುತ್ತಿದ್ದೇನೆ.

ಭಾವ ಹೇಳಿದ್ದು ಸುಳ್ಳಲ್ಲ. 2014ರಲ್ಲಿ ಮಗನನ್ನು ಆರನೇ ಕ್ಲಾಸಿಗೆ ಆಗ ತಾನೇ ಶುರುವಾದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದೆ. ಗೇಟಿನ ಮೇಲೆ 'ಸಿಬಿಎಸ್‌ಇ ಸಿಲೆಬಸ್' ಅಂತ ದೊಡ್ಡ ಬೋರ್ಡು. ಸಿಲೆಬಸ್ ಬೇರೆ, ಅಫಿಲಿಯೇಶನ್ ಅಂದರೆ ಬೋರ್ಡಿನ ಮಾನ್ಯತೆ ಬೇರೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ತಮಾಷೆ ಏನು ಅಂದರೆ ಆ ಬೋರ್ಡಿನ ಡಿಸೈನ್ ಮಾಡಿಕೊಟ್ಟವನು ನಾನೇ. 1,800 ರೂಪಾಯಿ ಬಿಲ್ಲು. ಅಕ್ಷರ ಅಕ್ಷರ ಕಂಪೋಸ್ ಮಾಡಿದವನಿಗೇ ಅದರ ಅರ್ಥ ಗೊತ್ತಾಗಲಿಲ್ಲ!

ಮಗ ಎಂಟನೇ ಕ್ಲಾಸಿನಲ್ಲಿದ್ದಾಗ, ಫೆಬ್ರವರಿಯಲ್ಲಿ, ಪೇರೆಂಟ್ಸ್ ಮೀಟಿಂಗ್ ಕರೆದರು. ಅಫಿಲಿಯೇಶನ್ 'ಪ್ರೊಸೆಸ್‌ನಲ್ಲಿ' ಇದೆಯಂತೆ. ಒಂಬತ್ತಕ್ಕೆ ಮಕ್ಕಳ ಹೆಸರನ್ನು ಬೇರೊಂದು ಶಾಲೆಯಲ್ಲಿ ರಿಜಿಸ್ಟರ್ ಮಾಡಿಸುತ್ತಾರಂತೆ, ಪಾಠ ಮಾತ್ರ ಇಲ್ಲೇ ಅಂತೆ. ಒಂಬತ್ತರಲ್ಲಿ ಯಾವ ಶಾಲೆಯ ಹೆಸರಿನಲ್ಲಿ ರಿಜಿಸ್ಟ್ರೇಶನ್ ಆಗುತ್ತದೋ ಹತ್ತರ ಪರೀಕ್ಷೆಯೂ ಅಲ್ಲಿಂದಲೇ, ನಿಮಗೆಲ್ಲ ಗೊತ್ತಿರುವುದೇ. ನಾನು ಟಿಸಿ ತಗೊಂಡೆ. ಹತ್ತಿರದ ಎಯ್ಡೆಡ್ ಹೈಸ್ಕೂಲಿಗೆ ಸೇರಿಸಿದೆ. ಅಲ್ಲಿ ಕಾದಿತ್ತು ಇನ್ನೊಂದು ಪೆಟ್ಟು. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೇ ಎರಡು ಪೇಪರ್. ಮೂರು ವರ್ಷದಿಂದ ಮಗ ಕನ್ನಡದಲ್ಲಿ ಒಂದು ಸಾಲು ಬರೆದಿರಲಿಲ್ಲ. ಒತ್ತಕ್ಷರ ಎಲ್ಲ ಮರೆತಿದ್ದ. 'ಕಾಸರಗೋಡು' ಬರೆಯಲು ಹೇಳಿದರೆ 'ಕಾಸರಕೋಡು' ಅಂತ ಬರೆದ. ತಿಂಗಳಿಗೆ 600 ಕೊಟ್ಟು ಕನ್ನಡಕ್ಕೆ ಟ್ಯೂಷನ್ ಇಡಿಸಿದೆ, ಕಾಸರಗೋಡಿನಲ್ಲಿ ಹುಟ್ಟಿದ ಮಗನಿಗೆ! ಮೂರು ವರ್ಷದ ಫೀಸು, ಬಸ್ಸು, ಯೂನಿಫಾರ್ಮ್ ಎಲ್ಲ ಸೇರಿ ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ ಹೋಯಿತು. 5,000 ಡೆಪಾಸಿಟ್ ಇನ್ನೂ ವಾಪಸ್ ಬಂದಿಲ್ಲ. ರಶೀದಿ ಡ್ರಾಯರಿನಲ್ಲಿದೆ.

ಹಾಗಾದರೆ ಮಗಳನ್ನು ಸುಮ್ನೆ ಹಳೆ ಶಾಲೆಯಲ್ಲೇ ಬಿಡಬಹುದಿತ್ತಲ್ವಾ? ಏಳರವರೆಗೆ ಬಿಟ್ಟೆ. ಕನ್ನಡ ಮೀಡಿಯಂ, ಒಳ್ಳೆಯ ಶಾಲೆ. ಆದರೆ ಅವಳು ಮುಂದೆ ಹೋಗಬೇಕಾದ ಹೈಸ್ಕೂಲಿನಲ್ಲಿ ಎರಡು ಪೋಸ್ಟ್ ಖಾಲಿ. ಕನ್ನಡ ಬಾರದವರು ಕನ್ನಡ ಮೀಡಿಯಂಗೆ ಪಾಠಕ್ಕೆ ಬರುವ ಗಲಾಟೆ ನಮ್ಮ ಜಿಲ್ಲೆಗೆ ಹೊಸತಲ್ಲ. ಮಂಗಳೂರಿನ ಹಾಸ್ಟೆಲ್ ಬಗ್ಗೆಯೂ ಮಾತು ಬಂತು. 2020ರ ಮಾರ್ಚಿನಲ್ಲಿ, ಕೊರೋನಾ ಸಮಯ, ತಲಪಾಡಿ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ದಾರಿ ಮುಚ್ಚಿದ್ದು ನೆನಪಿದ್ದವರು ಮಕ್ಕಳನ್ನು ಆಚೆ ಕಳಿಸುವ ಮೊದಲು ಎರಡು ಸಲ ಯೋಚಿಸುತ್ತಾರೆ. ನನ್ನ ಹೆಂಡತಿ ನಾಲ್ಕು ಸಲ ಯೋಚಿಸಿ ಬೇಡ ಅಂದಳು.

ಉಳಿದದ್ದು ಹೈಸ್ಕೂಲು ಹೊಸತಾಗಿ ಶುರು ಮಾಡಿದ ಎರಡು ಪ್ರೈವೇಟ್ ಶಾಲೆಗಳು. ಒಂದಕ್ಕೆ ಹಸಿರು ಟರ್ಫ್ (ಕೃತಕ ಹುಲ್ಲಿನ ಮೈದಾನ), ಗಾಜಿನ ಮುಂಬಾಗಿಲು, ರಿಸೆಪ್ಶನ್‌ನಲ್ಲಿ ಎಸಿ. ಇನ್ನೊಂದಕ್ಕೆ ಕೆಂಪುಕಲ್ಲಿನ ಗೋಡೆ, ಮೇಲೆ ಶೀಟು, ಆಟಕ್ಕೆ ಪಾರೆ, ಅಂದರೆ ಬರೀ ಕಲ್ಲುನೆಲ. ಮಳೆಗಾಲದಲ್ಲಿ ಶೀಟಿನ ಸದ್ದಿಗೆ ಪಾಠ ಕೇಳಿಸುತ್ತದಾ ಅಂತ ನನಗೂ ಅನುಮಾನ ಇತ್ತು. ಇಲ್ಲಿ ಟರ್ಫ್ ಶಾಲೆ, ಶೀಟು ಶಾಲೆ ಅಂತಲೇ ಕರೆಯುತ್ತೇನೆ.

ಅಫಿಲಿಯೇಶನ್ ನೋಡಲು ಹತ್ತು ನಿಮಿಷ ಸಾಕು. ಸಿಬಿಎಸ್‌ಇಯ ಸಾರಸ್ ಪೋರ್ಟಲಿನಲ್ಲಿ ಕೇರಳ, ಕಾಸರಗೋಡು ಅಂತ ಹಾಕಿದರೆ ಪಟ್ಟಿ ಬರುತ್ತದೆ. ಕೇರಳದ ನಂಬರುಗಳು 93ರಿಂದ ಶುರು. ಹೆಸರು ಇದ್ದರೆ ಸಾಲದು, ಎಷ್ಟನೇ ಕ್ಲಾಸಿನವರೆಗೆ ಅಂತ ನೋಡಬೇಕು. ಮತ್ತೆ ಶಾಲೆಯ ವೆಬ್‌ಸೈಟಿನಲ್ಲಿ 'ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್' ಅನ್ನುವ ಪುಟ, ಅಂದರೆ ಶಾಲೆಯ ದಾಖಲೆಗಳನ್ನು ಎಲ್ಲರಿಗೂ ತೋರಿಸುವ ಪುಟ ಇರಲೇಬೇಕು. ಟರ್ಫ್ ಶಾಲೆಯ ಆ ಪುಟದಲ್ಲಿ 'ಕಮಿಂಗ್ ಸೂನ್' ಅಂತ ಇತ್ತು. ಶೀಟು ಶಾಲೆಯವರು ಎಲ್ಲ ಸರ್ಟಿಫಿಕೇಟುಗಳನ್ನೂ ಓರೆಯಾಗಿ ಸ್ಕ್ಯಾನ್ ಮಾಡಿ ಹಾಕಿದ್ದರು. ಫೈರ್ ಸರ್ಟಿಫಿಕೇಟಿನ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಹೋಗಿ ಹೇಳಿದೆ. ಪ್ರಿನ್ಸಿಪಾಲರಿಗೆ ಸಿಟ್ಟು ಬರಲಿಲ್ಲ, ಹಾಳೆಯಲ್ಲಿ ಬರೆದುಕೊಂಡರು. ಮೂರು ವಾರದಲ್ಲಿ ಹೊಸ ಸರ್ಟಿಫಿಕೇಟ್ ವೆಬ್‌ಸೈಟಿಗೆ ಬಂತು. ಅದೂ ಓರೆಯಾಗಿಯೇ.

ಇಷ್ಟು ಎಲ್ಲರೂ ಮಾಡುತ್ತಾರೆ. ನಾನು ಮಾಡಿದ್ದು ನೋಟ್ ಬುಕ್ ಕೆಲಸ.

ಕೇರಳದಲ್ಲಿ 2021ರ ನವೆಂಬರ್ 1ಕ್ಕೆ ಶಾಲೆಗಳು ತೆರೆದವಲ್ಲ, ಆಮೇಲೆ ಫೆಬ್ರವರಿಯವರೆಗೆ ಕಾದೆ. ಎರಡೂ ಶಾಲೆಗೆ ಹೋಗುವ ಮಕ್ಕಳ ನೋಟ್ ಬುಕ್ಕುಗಳನ್ನು ಒಂದು ರಾತ್ರಿಗೆ ಅಂತ ಕೇಳಿ ತಂದೆ. ಒಟ್ಟು 14. ಮೊದಲು ತಂದದ್ದು ಇಂಗ್ಲಿಷ್ ನೋಟು. ಅದು ದಂಡ. ಬೋರ್ಡಿನಿಂದ ಕಾಪಿ ಮಾಡಿದ್ದು, ಎಲ್ಲ ಮಕ್ಕಳದ್ದೂ ಒಂದೇ ಥರ. ಸೋಷಿಯಲ್ ಕೂಡ ಹಾಗೇ. ಆಮೇಲೆ ಕ್ಲಾಸಿಗೆ ಫಸ್ಟ್ ಬರುವ ಹುಡುಗಿಯ ಮ್ಯಾತ್ಸ್ ನೋಟು ತಂದೆ. ಅದೂ ದಂಡ, ಅವಳಲ್ಲಿ ತಪ್ಪೇ ಇಲ್ಲ, ಟೀಚರ್ ತಿದ್ದುವುದು ಏನು? ನಡು ಬೆಂಚಿನ ಮಗುವಿನ ಮ್ಯಾತ್ಸ್ ನೋಟು ಬೇಕು. ಅದು ಸಿಕ್ಕಿದ ಮೇಲೆಯೇ ನನ್ನ ಕಣ್ಣು ತೆರೆದದ್ದು.

ಟರ್ಫ್ ಶಾಲೆಗೆ ಹೋಗುವ ನೆರೆಮನೆಯ ಹುಡುಗನ ನೋಟಿನಲ್ಲಿ ಡಿಸೆಂಬರ್ ಅರ್ಧದವರೆಗೆ ಸಣ್ಣ, ಚಂದದ ರೈಟ್ ಗುರುತು, ಪಕ್ಕದಲ್ಲಿ ಇನಿಷಿಯಲ್. ಆಮೇಲೆ ಹನ್ನೆರಡೋ ಹದಿಮೂರೋ ಪುಟ ಕೆಂಪೇ ಇಲ್ಲ. ಜನವರಿಯಿಂದ ಬೇರೆ ಕೈ. ಪುಟದ ಈ ಮೂಲೆಯಿಂದ ಆ ಮೂಲೆಗೆ ಒಂದೇ ಎಳೆತ. 7 × 8 = 54 ಅಂತ ಬರೆದ ಲೆಕ್ಕದ ಮೇಲೂ ರೈಟ್. ಫೆಬ್ರವರಿಯಲ್ಲಿ ಮೂರನೆಯವರು ಬಂದಿರಬೇಕು, ಬರೀ 'ಸೀನ್' ಅನ್ನುವ ರಬ್ಬರ್ ಸ್ಟ್ಯಾಂಪ್. ನಾಲ್ಕು ತಿಂಗಳಿಗೆ ಮೂವರು ಮ್ಯಾತ್ಸ್ ಟೀಚರ್. ಹುಡುಗನ ಅಪ್ಪನಿಗೆ ಒಬ್ಬರು ಬಿಟ್ಟದ್ದೂ ಗೊತ್ತಿರಲಿಲ್ಲ.

ಶೀಟು ಶಾಲೆಯ ಹುಡುಗಿಯ ನೋಟಿನಲ್ಲಿ ನವೆಂಬರಿನಿಂದ ಒಂದೇ ಕೈ. ತಪ್ಪು ಲೆಕ್ಕದ ಪಕ್ಕ ಮಾರ್ಜಿನಿನಲ್ಲಿ ಒಂದು ಹೆಜ್ಜೆ ಮಾತ್ರ ತೋರಿಸಿ 'ಪುನಃ ಮಾಡು' ಅಂತ ಕನ್ನಡದಲ್ಲಿ ಬರೆದಿದ್ದರು. ಮುಂದಿನ ಪುಟದಲ್ಲಿ ಹುಡುಗಿ ಪುನಃ ಮಾಡಿದ್ದಳು, ಪುನಃ ತಪ್ಪಿದ್ದಳು. ಮೂರನೇ ಸಲ ಸರಿ. ಆಗ ರೈಟ್, ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ. ಕೆಂಪು, ಅದರ ಕೆಳಗೆ ನೀಲಿ, ಮತ್ತೆ ಕೆಂಪು. ನಾನು ಹುಡುಕುತ್ತಿದ್ದದ್ದು ಇದನ್ನೇ. ರಾತ್ರಿ ಹನ್ನೊಂದು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಅದಕ್ಕೆ ನನ್ನನ್ನು ಯಾಕೆ ಎಬ್ಬಿಸಿದ್ದು?" ಅಂದಳು.

ಟೀಚರುಗಳು ನಿಲ್ಲುತ್ತಾರಾ ಅಂತ ತಿಳಿಯಲು ನನಗೆ ಅಂಗಡಿ ಇದೆ. ಮಾರ್ಚ್, ಏಪ್ರಿಲಿನಲ್ಲಿ ಬಯೋಡೇಟಾ ಪ್ರಿಂಟಿಗೆ ಸಾಲು. ಹೆಸರು ನಾನು ನೋಡುವುದಿಲ್ಲ, ಹೇಳುವುದೂ ಇಲ್ಲ. ಎಣಿಸುವುದು ಮಾತ್ರ. ಆ ವರ್ಷ ಟರ್ಫ್ ಶಾಲೆಯಿಂದ ಏಳು ಮಂದಿ ಬಂದಿದ್ದರು, ಶೀಟು ಶಾಲೆಯಿಂದ ಒಬ್ಬರು. ಬಿಎಡ್ ಮಾಡಿದವರು ಹತ್ತು, ಹನ್ನೆರಡು ಸಾವಿರಕ್ಕೆ ದುಡಿಯುವುದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಗಾಜಿನ ಬಾಗಿಲಿಗೆ ದುಡ್ಡು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಅಂಗಡಿ ಇಲ್ಲದವರು ಹತ್ತಿರದ ಜೆರಾಕ್ಸಿನವರ ಹತ್ತಿರ ಸ್ನೇಹದಿಂದಿರಿ, ಅಷ್ಟೆ.

ಬಸ್ಸಿನ ಹಿಂದೆ ಮೂರು ದಿನ ಸ್ಕೂಟರಿನಲ್ಲಿ ಹೋದೆ. ಟರ್ಫ್ ಶಾಲೆಯ ಬಸ್ಸು ಪೆರ್ಲದ ಕಡೆಗೆಲ್ಲ ಸುತ್ತಿ ಬರುತ್ತದೆ. ಮೊದಲು ಹತ್ತಿದ ಮಗು ಶಾಲೆ ಮುಟ್ಟುವಾಗ ಒಂದೂ ಮುಕ್ಕಾಲು ಗಂಟೆ. ಸಂಜೆ ಕಿಟಕಿಗೆ ತಲೆ ಒರಗಿಸಿ ಮಕ್ಕಳು ನಿದ್ದೆ. ಬಸ್ಸಿನ ನಂಬರನ್ನು ಎಂಪರಿವಾಹನ್ ಆ್ಯಪಿಗೆ ಹಾಕಿದರೆ ಫಿಟ್‌ನೆಸ್, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅಂತ ಕಾಣುತ್ತದೆ. ಎರಡೂ ಶಾಲೆಯದ್ದು ಸರಿ ಇತ್ತು. ಮೂರನೇ ದಿನ ಡ್ರೈವರ್ ಬಸ್ಸು ನಿಲ್ಲಿಸಿ, "ಎಂತ, ಆರ್‌ಟಿಒದವರಾ?" ಅಂತ ಕೇಳಿದ. ಅಲ್ಲಿಗೆ ಆ ಕೆಲಸ ಮುಗಿಯಿತು.

ದುಡ್ಡಿನ ಲೆಕ್ಕ. ಟರ್ಫ್ ಶಾಲೆಯವರು ಹೇಳಿದ್ದು "ತಿಂಗಳಿಗೆ 2,200 ಮಾತ್ರ ಸಾರ್". ನಾನು ಬರೆದದ್ದು: ಅಡ್ಮಿಷನ್ 15,000, ಹತ್ತು ತಿಂಗಳ ಫೀಸು 22,000, ಬಸ್ಸು 13,000, ಪುಸ್ತಕ 5,500, ಯೂನಿಫಾರ್ಮ್ 3,800, ಸ್ಮಾರ್ಟ್ ಕ್ಲಾಸ್ 2,000. ಒಟ್ಟು 61,300. ಶೀಟು ಶಾಲೆಯದ್ದು ಎಲ್ಲ ಸೇರಿ 38 ಸಾವಿರದ ಆಸುಪಾಸು, ಈಗ ನೆನಪಿರುವಷ್ಟು. ಒಂದೇ ಪ್ರಶ್ನೆಯನ್ನು ಮೂರು ಬೇರೆ ನಂಬರುಗಳಿಂದ ಫೋನ್ ಮಾಡಿ ಕೇಳಿಸಿದೆ. ಟರ್ಫ್ ಶಾಲೆಯಿಂದ ಮೂರು ಉತ್ತರ ಬಂತು. ಕಡಿಮೆ ಹೇಳಿದ್ದು ನನ್ನ ಹೆಂಡತಿಗೆ. ಅವಳು ತುಳುವಿನಲ್ಲಿ ಕೇಳಿದ್ದಳು.

ಒಂದು ಪ್ರಯೋಗ ಪೂರ್ತಿ ಕೆಟ್ಟಿತು. ಏಳನೇ ಕ್ಲಾಸಿನ ಹತ್ತು ಲೆಕ್ಕ ಟೈಪ್ ಮಾಡಿ ನಾಲ್ಕು ಶಾಲೆಯ ಮಕ್ಕಳಿಗೆ ಅಂಗಡಿಯಲ್ಲೇ ಕೊಟ್ಟೆ, ಬಹುಮಾನ ಒಂದೊಂದು ಐಸ್‌ಕ್ಯಾಂಡಿ. ಎರಡನೇ ದಿನಕ್ಕೆ ಉತ್ತರ ಲೀಕ್. ಮೂರನೇ ದಿನ ಕ್ಯಾಂಡಿಗಾಗಿ ಯಾರ್ಯಾರೋ ಮಕ್ಕಳು. ಖರ್ಚು 340 ರೂಪಾಯಿ. ಗೊತ್ತಾದದ್ದು ಒಂದೇ: ಲೀಕ್ ಆಗುವ ಮೊದಲು ಜಾಸ್ತಿ ಸರಿ ಮಾಡಿದ್ದು ನನ್ನ ಮಗಳ ಹಳೆ ಕನ್ನಡ ಶಾಲೆಯ ಮಕ್ಕಳೇ. ಇದನ್ನು ಭಾವನಿಗೆ ಈವರೆಗೆ ಹೇಳಿಲ್ಲ.

ಕನ್ನಡದ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. 2017ರ ಕಾನೂನಿನ ಮೇಲೆ ಕೇರಳದಲ್ಲಿ ಸಿಬಿಎಸ್‌ಇ ಶಾಲೆಗಳೂ ಮಲಯಾಳ ಕಲಿಸಬೇಕು. ಅದಕ್ಕೆ ನನ್ನ ತಕರಾರಿಲ್ಲ, ಇಲ್ಲಿ ಬದುಕಲು ಮಲಯಾಳ ಬೇಕು. ಆದರೆ ಕನ್ನಡ? ಟರ್ಫ್ ಶಾಲೆಯವರು "ಟೈಮ್‌ಟೇಬಲಿನಲ್ಲಿ ಜಾಗ ಇಲ್ಲ" ಅಂದರು. ಹತ್ತನೇ ಕ್ಲಾಸಿಗೆ ಕನ್ನಡ ಸಿಬಿಎಸ್‌ಇಯಲ್ಲೇ ಇದೆ, ಸಬ್ಜೆಕ್ಟ್ ಕೋಡ್ 015. ಆ ನಂಬರ್ ಬರೆದುಕೊಂಡು ಶೀಟು ಶಾಲೆಗೆ ಹೋದೆ. "ಮಕ್ಕಳು ಇದ್ದರೆ ಟೀಚರ್ ಇಡುತ್ತೇವೆ" ಅಂದರು ಪ್ರಿನ್ಸಿಪಾಲ್. ಎಷ್ಟು ಮಕ್ಕಳು ಅಂತ ಕೇಳಿದೆ. ಹತ್ತು. ನಾನು ಹನ್ನೊಂದು ಸಹಿ ತಂದು ಕೊಟ್ಟೆ. ನಾಳೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಸೀಟಿಗೆ ಹೋಗುವುದಾದರೆ ಬರೆಯಲು ಓದಲು ಕನ್ನಡ ಬೇಕಲ್ವಾ? ಸಹಿ ಹಾಕಿಸುವಾಗ ಈ ಮಾತು ತುಂಬ ಕೆಲಸ ಮಾಡಿತು.

ಮ್ಯಾನೇಜ್‌ಮೆಂಟಿನವರ ಹತ್ತಿರ ಕೂತು ಕೇಳಿದ ಒಂದು ಪ್ರಶ್ನೆ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷದಿಂದ ಎಲ್ಲ ಶಾಲೆಯವರೂ ಉತ್ತರ ರೆಡಿ ಇಟ್ಟುಕೊಳ್ಳುತ್ತಾರೆ. ಟರ್ಫ್ ಶಾಲೆಯವರು ಆ ಪ್ರಶ್ನೆಗೆ ಚಾ ತರಿಸಿದರು. ಶೀಟು ಶಾಲೆಯವರು ಬ್ಯಾಂಕಿನ ಪಾಸ್‌ಬುಕ್ ತರಿಸಿದರು. ಇಷ್ಟು ಸಾಕು.

ಸೇರಿಸಿದ ಮೇಲೆ ಎಲ್ಲ ಸುಲಭ ಆಯಿತು ಅಂತಲ್ಲ. ಶೀಟಿನ ಸದ್ದು ನಾನು ಹೆದರಿದ್ದಕ್ಕಿಂತ ಜಾಸ್ತಿ. ಜೂನ್, ಜುಲೈಯಲ್ಲಿ ಜೋರು ಮಳೆ ಬಂದರೆ ಪಾಠ ನಿಲ್ಲಿಸಿ ಲೆಕ್ಕ ಬರೆಸುತ್ತಿದ್ದರಂತೆ. ಲ್ಯಾಬ್ 'ಜೂನಿಗೆ' ಅಂದದ್ದು ನವೆಂಬರಿಗೆ ಬಂತು. ಒಂಬತ್ತರಲ್ಲಿ ಫಿಸಿಕ್ಸ್ ಟೀಚರ್ ಮದುವೆಯಾಗಿ ಹೋದರು, ಎರಡು ತಿಂಗಳು ಪ್ರಿನ್ಸಿಪಾಲರೇ ಪಾಠ ಮಾಡಿದರು. ಅವರ ಸಬ್ಜೆಕ್ಟ್ ಬಯಾಲಜಿ. ಆ ಎರಡು ತಿಂಗಳು ನನಗೆ ನಿದ್ದೆ ಸರಿ ಬರಲಿಲ್ಲ, ಭಾವನ ಮುಖ ಕಾಣುತ್ತಿತ್ತು. ಮಗಳ ರಿಜಿಸ್ಟ್ರೇಶನ್ ಸ್ಲಿಪ್ಪಿನಲ್ಲಿ ಅದೇ ಶಾಲೆಯ ಹೆಸರು ನೋಡಿದ ದಿನ ಜೆರಾಕ್ಸ್ ಮಾಡಿ ಇಟ್ಟುಕೊಂಡೆ. ಎರಡು ಕಾಪಿ.

ಟರ್ಫ್ ಶಾಲೆ ಈಗಲೂ ಇದೆ, ಆಡಳಿತ ಕೈ ಬದಲಾಗಿದೆ. ಟರ್ಫನ್ನು ಸಂಜೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಅದರ ಬ್ಯಾನರ್ ಕೂಡ ನನ್ನಲ್ಲೇ ಮಾಡಿಸಿದ್ದು.

ಮೊನ್ನೆ ಭಾವ ಅಂಗಡಿಗೆ ಬಂದಿದ್ದರು. ಅವರ ಸಣ್ಣ ಮಗಳು ಈಗ ಏಳನೇ ಕ್ಲಾಸು. ಪೇಟೆಯ ಆಚೆ ಇನ್ನೊಂದು ಹೊಸ ಶಾಲೆ ಬರುತ್ತಿದೆಯಲ್ಲ, ಅದರ ವಿಚಾರ. ಕೈಯಲ್ಲಿ ಒಂದು ತೊಟ್ಟೆ, ಒಳಗೆ ಐದು ನೋಟ್ ಬುಕ್. ಕುರ್ಚಿ ಕೊಟ್ಟು, ಲೈಟ್ ಹಾಕಿ, ಒಂದೊಂದೇ ಬಿಡಿಸಿ ನೋಡಿದೆ. ಐದೂ ಇಂಗ್ಲಿಷ್ ನೋಟು. ಮ್ಯಾತ್ಸ್ ತನ್ನಿ ಭಾವ, ನಡು ಬೆಂಚಿನದ್ದು, ಅಂತ ಹೇಳಿ ವಾಪಸ್ ಕಳಿಸಿದೆ.