ವಯಸ್ಕ ಮಹಿಳೆಯರಲ್ಲಿ ಎಡಿಎಚ್‌ಡಿ: ಗುರುತಿಸುವ ಬಗೆ, ಚಿಕಿತ್ಸೆಯ ಕ್ರಮ (ಕಾಸರಗೋಡಿನ ಕನ್ನಡ ಓದುಗರಿಗೆ)

ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ದೊಡ್ಡವಳಾದ ಮೇಲೆ ಹೊಸದಾಗಿ ಶುರುವಾಗುವ ಕಾಯಿಲೆಯಲ್ಲ. ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ ಅದು, ಚಿಕ್ಕಂದಿನಿಂದಲೇ ಇರುತ್ತದೆ. ಚಿಕ್ಕವಳಿದ್ದಾಗ ಅಮ್ಮ ನೆನಪಿಸುತ್ತಿದ್ದರು, ಶಾಲೆಯಲ್ಲಿ ಗಂಟೆ ಹೊಡೆಯುತ್ತಿತ್ತು, ಪರೀಕ್ಷೆಯ ಹಿಂದಿನ ರಾತ್ರಿ ಕೂತು ಓದಿದರೆ ಪಾಸಾಗುತ್ತಿತ್ತು. ಮದುವೆಯಾಗಿ, ಮಗುವಾಗಿ, ಉದ್ಯೋಗ, ಅತ್ತೆ-ಮಾವನ ಮದ್ದು, ಕುಟುಂಬಶ್ರೀಯ ಲೆಕ್ಕ, ಅಂಗಳದಲ್ಲಿ ಒಣಹಾಕಿದ ಅಡಕೆ ಎಲ್ಲವೂ ಒಬ್ಬಳ ನೆನಪಿನ ಮೇಲೆಯೇ ಬಿದ್ದಾಗ ಅಷ್ಟರವರೆಗೆ ಹೇಗೋ ನಡೆದದ್ದು ನಡೆಯದಾಗುತ್ತದೆ. ಆದ್ದರಿಂದ "ನನಗೆ ಈಗ ಏನಾಗಿದೆ" ಎಂದು ಕೇಳಿಕೊಳ್ಳುವ ಮೊದಲು "ಹತ್ತು ವರ್ಷದವಳಿದ್ದಾಗ ನಾನು ಹೇಗಿದ್ದೆ" ಎಂದು ಕೇಳಿಕೊಳ್ಳಿ.

ಹೆಂಗಸರಲ್ಲಿ ಕಾಣುವ ರೀತಿ

ಎಡಿಎಚ್‌ಡಿ ಎಂದೊಡನೆ ಬೆಂಚು ಹತ್ತಿ ಇಳಿಯುವ ಹುಡುಗನೇ ಎಲ್ಲರ ಕಣ್ಣಮುಂದೆ ಬರುತ್ತಾನೆ. ಹುಡುಗಿಯರಲ್ಲಿ ಗಮನ ಜಾರುವ ಬಗೆಯೇ ಹೆಚ್ಚು. ಕಿಟಕಿಯ ಪಕ್ಕ ಸುಮ್ಮನೆ ಕೂತವಳಿಂದ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಯಾರೂ ವೈದ್ಯರ ಬಳಿ ಕರೆದೊಯ್ಯುವುದಿಲ್ಲ. ವಯಸ್ಸಾದಂತೆ ಮೈಯ ಚಡಪಡಿಕೆ ಮನಸ್ಸಿಗೆ ಇಳಿಯುತ್ತದೆ: ಕೈಕಾಲು ಸುಮ್ಮನಿದ್ದರೂ ತಲೆಯೊಳಗೆ ನಾಲ್ಕು ಮಾತು ಒಟ್ಟಿಗೇ ಓಡುತ್ತಿರುತ್ತವೆ.

ಹಾಲು ಒಂದು ದಿನ ಉಕ್ಕಿದರೆ ಅದು ಲಕ್ಷಣವಲ್ಲ. ಒಲೆಯ ಮೇಲೆ ಸಾರು ಇಟ್ಟು ಕರಿಬೇವಿನೆಲೆಗೆಂದು ಹಿತ್ತಿಲಿಗೆ ಹೋಗಿ, ಅಲ್ಲಿ ಹಗ್ಗದ ಬಟ್ಟೆ ಕಂಡು ಮಡಚಲು ಕೂತು, ಸೀದ ವಾಸನೆ ಬಂದಾಗಲೇ ಸಾರು ನೆನಪಾಗುವುದು ವಾರಕ್ಕೆ ಮೂರು ಸಲ, ವರ್ಷಗಟ್ಟಲೆ ನಡೆದರೆ ಯೋಚಿಸಬೇಕು. ಬಸ್ಸಿಗೆ ಇನ್ನೂ ಸಮಯವಿದೆ ಎಂದು ಪ್ರತಿದಿನವೂ ಅನ್ನಿಸಿ ಪ್ರತಿದಿನವೂ ಓಡಬೇಕಾಗುವುದು. ಕೈಯಲ್ಲಿ ಹಣವಿದ್ದೂ ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲಿಗೆ ದಂಡ ಕಟ್ಟುವುದು. ಮಾತಿನ ನಡುವೆ ಬಾಯಿ ಹಾಕಿ ಆಮೇಲೆ ಕೊರಗುವುದು. ಬ್ಲೌಸ್ ಹೊಲಿಯಲು ಕೂತರೆ ರಾತ್ರಿ ಎರಡಾದರೂ ಏಳದೆ, ಒಂದು ಫಾರ್ಮ್ ತುಂಬಲು ಮಾತ್ರ ತಿಂಗಳು ತಳ್ಳುವುದು, ಇವೆಲ್ಲ ಒಂದೇ ಗುಂಪಿಗೆ ಸೇರಿದವು. ಸಣ್ಣ ಟೀಕೆಗೂ ತೀರಾ ನೋಯುವುದು ಅಧಿಕೃತ ಲಕ್ಷಣಪಟ್ಟಿಯಲ್ಲಿಲ್ಲ. ಆದರೆ ಇಂಥ ಮಹಿಳೆಯರು ಹೆಚ್ಚಾಗಿ ಹೇಳಿಕೊಳ್ಳುವ ಸಂಕಟವದು.

ಹುಡುಕಲು ಕಷ್ಟವಾಗುವುದು ಮುಚ್ಚಿಡುವ ಶ್ರಮವನ್ನು. ಮರೆತೇನೆಂಬ ಭಯಕ್ಕೆ ಚೀಲವನ್ನು ಐದು ಸಲ ತೆರೆದು ನೋಡುವವಳು, ಆಫೀಸಿಗೆ ಒಂದು ಗಂಟೆ ಮೊದಲೇ ಹೋಗಿ ಕೂರುವವಳು ಹೊರಗಿನವರಿಗೆ ಅಚ್ಚುಕಟ್ಟಾಗಿಯೇ ಕಾಣುತ್ತಾಳೆ. ಸಂಜೆ ಮನೆಗೆ ಬಂದಾಗ ಅವಳಲ್ಲಿ ಒಂದು ಲೋಟ ತೊಳೆಯುವ ತ್ರಾಣವೂ ಉಳಿದಿರುವುದಿಲ್ಲ. ಇಂಥವರಿಗೆ ವರ್ಷಗಟ್ಟಲೆ ಆತಂಕಕ್ಕೋ ಖಿನ್ನತೆಗೋ ಮಾತ್ರೆ ಕೊಟ್ಟು, ಬುಡದಲ್ಲಿರುವ ಎಡಿಎಚ್‌ಡಿಯನ್ನು ಯಾರೂ ನೋಡದೆ ಇರುವುದುಂಟು. ಇನ್ನು ಕೆಲವರಿಗೆ ತಮ್ಮ ವಿಷಯ ತಿಳಿಯುವುದು ಮಗುವಿಗೆ ರೋಗನಿರ್ಣಯವಾದ ಮೇಲೆಯೇ, ಏಕೆಂದರೆ ಇದು ಬಹುಪಾಲು ವಂಶದಲ್ಲಿ ಬರುವಂಥದ್ದು.

ವೈದ್ಯರ ಬಳಿ ಹೋಗುವ ಮೊದಲು

ವಯಸ್ಕರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಪ್ರಶ್ನಾವಳಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಟ್ಟು 18 ಪ್ರಶ್ನೆ. ಮೊದಲ 6 ಮುಖ್ಯ. ಕಳೆದ 6 ತಿಂಗಳನ್ನು ಮನಸ್ಸಿನಲ್ಲಿಟ್ಟು ಉತ್ತರಿಸಿ. ಮೊದಲ ಮೂರಕ್ಕೆ "ಕೆಲವೊಮ್ಮೆ" ಅಥವಾ ಅದಕ್ಕಿಂತ ಹೆಚ್ಚು, ಉಳಿದ ಮೂರಕ್ಕೆ "ಆಗಾಗ" ಅಥವಾ ಅದಕ್ಕಿಂತ ಹೆಚ್ಚು ಎಂಬ ಉತ್ತರ ಲೆಕ್ಕಕ್ಕೆ ಬರುತ್ತದೆ. ಆರರಲ್ಲಿ ನಾಲ್ಕು ಬಂದರೆ ತಜ್ಞರನ್ನು ಕಾಣಬೇಕು. ಅದೇ ರೋಗನಿರ್ಣಯವಲ್ಲ. ನಿದ್ದೆಗೆಟ್ಟ ಬಾಣಂತಿಗೂ ನಾಲ್ಕು ಬಂದೀತು.

ವೈದ್ಯರು ನೋಡುವ ಮಾನದಂಡ ಹೀಗಿದೆ: ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ, ಅಥವಾ ಚಡಪಡಿಕೆ-ದುಡುಕಿನ 9ರಲ್ಲಿ, ವಯಸ್ಕರಿಗೆ ಕನಿಷ್ಠ 5 ಇರಬೇಕು; ಅವುಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು; ಮನೆ, ಕೆಲಸದ ಸ್ಥಳ ಹೀಗೆ ಎರಡು ಕಡೆಯಾದರೂ ಕಾಣಬೇಕು; ಬದುಕಿಗೆ ನಿಜವಾಗಿ ತೊಡಕಾಗಬೇಕು; ಬೇರೆ ಕಾಯಿಲೆಯಿಂದ ಬಂದದ್ದಾಗಿರಬಾರದು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂದಾಗಲಿ ಇದು ಗೊತ್ತಾಗುವುದಿಲ್ಲ. ಗೊತ್ತಾಗುವುದು ವಿವರವಾಗಿ ಕೇಳಿ ತಿಳಿದಾಗ ಮಾತ್ರ.

ಹಾಗಾಗಿ ಬಾಲ್ಯದ ಪುರಾವೆ ಕೂಡಿಸಿ. ಹಳೆಯ ಪ್ರೋಗ್ರೆಸ್ ಕಾರ್ಡಿನಲ್ಲಿ "ಬುದ್ಧಿ ಇದೆ, ಗಮನ ಸಾಲದು" ಎಂಬಂಥ ಷರಾ ಇದ್ದರೆ ಅದು ಬೆಲೆಯುಳ್ಳದ್ದು. ತಾಯಿ, ಚಿಕ್ಕಮ್ಮ, ಅಕ್ಕ ಇವರನ್ನು ಕೇಳುವಾಗ "ನನಗೆ ಎಡಿಎಚ್‌ಡಿ ಇತ್ತಾ" ಎಂದರೆ "ಎಂತದೂ ಇಲ್ಲ" ಎನ್ನುತ್ತಾರೆ. "ಎಷ್ಟು ಕೊಡೆ ಕಳೆದೆ? ಹೋಂವರ್ಕಿಗೆ ಯಾರು ಕೂರಿಸಬೇಕಿತ್ತು? ಕರೆದರೆ ಎಷ್ಟನೇ ಸಲಕ್ಕೆ ಓಗೊಡುತ್ತಿದ್ದೆ?" ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ.

ಇದೇ ರೀತಿ ಕಾಣುವ ಬೇರೆ ತೊಂದರೆಗಳಿವೆ. ಥೈರಾಯ್ಡ್ (ಟಿಎಸ್‌ಎಚ್), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ), ಬಿ12 ಪರೀಕ್ಷೆ ಮಾಡಿಸಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಿರುವ ಸಾಧ್ಯತೆ ಹೆಚ್ಚು. ತಲೆ ಮಂಜಾಗಲು ಅಷ್ಟೇ ಸಾಕು. ಗೊರಕೆ, ಹಗಲಿನ ತೂಕಡಿಕೆ ಇದ್ದರೆ ನಿದ್ರೆಯ ತಪಾಸಣೆ ಬೇಕು. ಕೆಲವು ದಿನ ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ, ಆಮೇಲೆ ಕುಸಿತ ಆಗಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಿ. ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಾಗಿ ಬರುವ ಕಾಯಿಲೆ) ಇದ್ದವರಿಗೆ ಎಡಿಎಚ್‌ಡಿ ಮಾತ್ರೆಯನ್ನು ಮೊದಲು ಕೊಟ್ಟರೆ ಉನ್ಮಾದ ಕೆರಳಬಹುದು.

ಎಲ್ಲಿಗೆ ಹೋಗುವುದು

ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ನಿಮ್ಮ ಹತ್ತಿರ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ತಲಪಾಡಿ ದಾಟಿದರೆ ದೇರಳಕಟ್ಟೆ, ಮಂಗಳೂರಿನ ವೈದ್ಯಕೀಯ ಕಾಲೇಜುಗಳು ಹತ್ತಿರ. ಅಲ್ಲಿ ಕನ್ನಡ, ತುಳುವಿನಲ್ಲೇ ಮಾತನಾಡಬಹುದು. ದಕ್ಷಿಣಕ್ಕೆ ಪರಿಯಾರಂನ ಸರಕಾರಿ ವೈದ್ಯಕೀಯ ಕಾಲೇಜು, ಕೋಝಿಕೋಡಿನ ಮಾನಸಿಕ ಆರೋಗ್ಯ ಸಂಸ್ಥೆ ಇಂಹಾನ್ಸ್ ಇವೆ. ವೈದ್ಯರ ಮಾತು ಮಲಯಾಳವಾಗಿದ್ದು ನಿಮಗೆ ಅಷ್ಟು ಸಲೀಸಲ್ಲದಿದ್ದರೆ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದು, ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಗಮನದ ವಿಷಯದಲ್ಲಿ "ಸ್ವಲ್ಪ ಮರೆವು" ಎಂದು ಹೇಳಿ ಮುಗಿಸಿದರೆ ಮಲ್ಟಿವಿಟಮಿನ್ ಕೈಗೆ ಬರುತ್ತದೆ. ಆರಂಭದ ಸಲಹೆಗೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೂ ಲಭ್ಯ. ಸಂಬಂಧಿಕರಿಗೆ ಗೊತ್ತಾದೀತೆಂದು ಹಿಂಜರಿಯಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ನಿಮ್ಮ ವಿವರ ಗೋಪ್ಯವಾಗಿಡುವುದು ಚಿಕಿತ್ಸಕರ ಹೊಣೆ.

ಮದ್ದು

ಮಾತ್ರೆಯ ಜೊತೆಗೆ ಮನೆಯ ವ್ಯವಸ್ಥೆ, ಮನಶ್ಶಾಸ್ತ್ರಜ್ಞರ ನೆರವೂ ಸೇರಿದ್ದೇ ಸಮಗ್ರ ಚಿಕಿತ್ಸೆ; ಮದ್ದು ಬೇಡವೆನ್ನುವುದಲ್ಲ. ಗಮನದ ತೊಂದರೆ ಬದುಕನ್ನೇ ತಡೆಹಿಡಿದಿರುವಾಗ ಬರೀ ಯೋಗ, ತಂಬುಳಿ ನಂಬಿ ಕೂರುವುದು ಆ ಹೆಣ್ಣಿಗೆ ಅನ್ಯಾಯ.

ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಮದ್ದನ್ನು ಸಾಮಾನ್ಯವಾಗಿ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ಹಂತಹಂತವಾಗಿ ಏರಿಸುತ್ತಾರೆ. ಅಲ್ಪಾವಧಿ ಮಾತ್ರೆಯ ಪರಿಣಾಮ 3ರಿಂದ 4 ಗಂಟೆ; ದೀರ್ಘಾವಧಿಯದನ್ನು ಬೆಳಗ್ಗೆ ಒಮ್ಮೆ ತೆಗೆದುಕೊಂಡರೆ ಸಾಕು. ಮಧ್ಯಾಹ್ನದ ಮೇಲೆ ತಡವಾಗಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ. ಹಸಿವು ಕುಗ್ಗುವುದು, ಎದೆಬಡಿತ ಏರುವುದು, ಬಾಯಿ ಒಣಗುವುದು ಇದರ ತೊಂದರೆಗಳು. ಶುರುಮಾಡುವ ಮೊದಲು ಮತ್ತು ಪ್ರಮಾಣ ಏರಿಸಿದಾಗಲೆಲ್ಲ ರಕ್ತದೊತ್ತಡ, ನಾಡಿ ನೋಡಿಸಿ. ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನೊತ್ತಡದ ಕಾಯಿಲೆ) ಇದ್ದರೆ ಮೊದಲೇ ಹೇಳಿ. ಇದು ಎನ್‌ಡಿಪಿಎಸ್ (ಮಾದಕ ದ್ರವ್ಯ) ಕಾಯ್ದೆಯಡಿ ನಿಯಂತ್ರಣದಲ್ಲಿರುವ ಔಷಧ. ಎಲ್ಲ ಮೆಡಿಕಲಿನಲ್ಲಿ ಸಿಗದು. ಮುಗಿಯುವ ವಾರ ಮೊದಲೇ ಚೀಟಿ ಹಿಡಿದು ಹೋಗಿ. ಮಗುವಿನ ಮಾತ್ರೆಯನ್ನು ತಾಯಿ ನುಂಗಿ ನೋಡುವುದು ಅಪಾಯ, ಖಂಡಿತ ಕೂಡದು.

ಅಟೊಮೊಕ್ಸೆಟಿನ್ ಬೇರೆ ಬಗೆಯದು, ಉತ್ತೇಜಕವಲ್ಲ. ವಯಸ್ಕರಿಗೆ ಸಾಮಾನ್ಯವಾಗಿ 40 ಮಿಲಿಗ್ರಾಮಿನಿಂದ ಶುರುವಾಗಿ 80ಕ್ಕೆ ಏರುತ್ತದೆ. ಪರಿಣಾಮ ತಿಳಿಯಲು ವಾರಗಳೇ ಬೇಕು, ಎರಡನೇ ವಾರಕ್ಕೆ "ಉಪಯೋಗವಿಲ್ಲ" ಎಂದು ಬಿಡುವವರಿದ್ದಾರೆ. ಖಿನ್ನತೆಗೆ ಕೊಡುವ ಫ್ಲೂಯೊಕ್ಸೆಟಿನ್ ಅಥವಾ ಪ್ಯಾರೊಕ್ಸೆಟಿನ್ ಆಗಲೇ ತೆಗೆದುಕೊಳ್ಳುತ್ತಿರುವವರಲ್ಲಿ ಅಟೊಮೊಕ್ಸೆಟಿನ್‌ನ ಮಟ್ಟ ರಕ್ತದಲ್ಲಿ ತುಂಬ ಏರುತ್ತದೆ. ಹಳೆಯ ಚೀಟಿಗಳನ್ನೆಲ್ಲ ತೋರಿಸಬೇಕಾದದ್ದು ಇದಕ್ಕೇ. ಗರ್ಭ ಧರಿಸುವ ಯೋಚನೆಯಿದ್ದರೆ ಯಾವ ಮದ್ದಿನ ಬಗ್ಗೆಯೂ ಮುಂಚೆಯೇ ಮಾತಾಡಿ.

ಬ್ರಾಹ್ಮಿ ಘೃತ, ಸಾರಸ್ವತಾರಿಷ್ಟ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಅರಿಷ್ಟಗಳಲ್ಲಿ ಮದ್ಯಸಾರದ ಅಂಶವಿರುತ್ತದೆ. ಒಂದೆಲಗದ ತಂಬುಳಿ ಒಳ್ಳೆಯ ಊಟ, ಎಡಿಎಚ್‌ಡಿಗೆ ಮದ್ದಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಮನೆಗಳಲ್ಲಿ ಅದು ನಡೆಯಲಿ, ಆಸ್ಪತ್ರೆಯ ದಿನ ಮಾತ್ರ ಮುಂದೆ ಹೋಗದಿರಲಿ.

ಮುಟ್ಟಿನ ಲೆಕ್ಕ

ಮುಟ್ಟಿಗೆ ಮುಂಚಿನ ವಾರ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಜೊತೆಗೆ ಗಮನಕ್ಕೆ ನೆರವಾಗುವ ಮೆದುಳಿನ ರಾಸಾಯನಿಕ ಡೋಪಮಿನ್‌ನ ಕೆಲಸವೂ ಕುಂದಬಹುದು. ಹಾಗಾಗಿ ಅದೇ ಮಾತ್ರೆ ಆ ವಾರ ಸಾಲದೆ ಹೋದಂತೆ ಹಲವರಿಗೆ ಅನಿಸುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ ಗುರುತಿಸಿ, ದಿನಕ್ಕೊಂದು ಅಂಕ (ಗಮನಕ್ಕೆ 1ರಿಂದ 5) ಮಾತ್ರ ಬರೆಯಿರಿ. ಎರಡು ತಿಂಗಳ ಹಾಳೆ ವೈದ್ಯರಿಗೆ ಬಹಳ ಹೇಳುತ್ತದೆ. ಆ ವಾರ ನೆಂಟರ ಊಟ, ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬೇಡಿ. ನಲವತ್ತು ದಾಟಿ ಮುಟ್ಟು ಏರುಪೇರಾಗುವ ವರ್ಷಗಳಲ್ಲಿ, ಹೆರಿಗೆಯಾದ ತಿಂಗಳುಗಳಲ್ಲಿ ಲಕ್ಷಣ ಹೆಚ್ಚಬಹುದು. ಆಗ ಸ್ತ್ರೀರೋಗ ತಜ್ಞರನ್ನೂ ಕಾಣಿ.

ಮನೆಯೊಳಗಿನ ವ್ಯವಸ್ಥೆ

ಇಲ್ಲಿ ನಿಯಮ ಒಂದೇ: ನೆನಪನ್ನು ತಲೆಯಿಂದ ಹೊರಗೆ, ಕಣ್ಣಿಗೆ ಬೀಳುವಲ್ಲಿ ಇಡಿ. ಕಪಾಟಿನೊಳಗಿಟ್ಟದ್ದು ಇಲ್ಲದ್ದಕ್ಕೆ ಸಮ.

ಹೊರಗೆ ಹೋಗುವ ಬಾಗಿಲ ಬಳಿ ಒಂದು ಬುಟ್ಟಿ: ಕೀ, ಪರ್ಸ್, ಕನ್ನಡಕ, ಮೊಬೈಲ್. ಬಸ್ಸಿಗೆ ಎರಡು ಅಲಾರಂ, ಹೊರಡುವುದಕ್ಕೆ 25 ನಿಮಿಷ ಮೊದಲು "ಕೈಯಲ್ಲಿದ್ದದ್ದು ಬಿಡು" ಎನ್ನಲು ಒಂದು, 5 ನಿಮಿಷ ಮೊದಲು "ಚಪ್ಪಲಿ ಹಾಕು" ಎನ್ನಲು ಇನ್ನೊಂದು. ಒಲೆ ಹಚ್ಚಿ ಅಡುಗೆಮನೆ ಬಿಡುವಾಗ ಟೈಮರ್ ಜೊತೆಯಲ್ಲೇ ಹೋಗಲಿ, ಅಡುಗೆಮನೆಯಲ್ಲಿ ಕೂಗಿದರೆ ಹಿತ್ತಿಲಿಗೆ ಕೇಳದು. ಕರೆಂಟು ಬಿಲ್ಲು, ಸೊಸೈಟಿ ಸಾಲದ ಕಂತು ಖಾತೆಯಿಂದ ತಾನೇ ಹೋಗುವಂತೆ ಮಾಡಿಸಿ.

ದಿನದ ಪಟ್ಟಿಯಲ್ಲಿ ಮೂರೇ ಕೆಲಸ. "ಅಕ್ಷಯ ಕೇಂದ್ರದ ಕೆಲಸ" ಎಂದು ಬರೆದರೆ ಅದು ನಡೆಯುವುದಿಲ್ಲ. "ರೇಷನ್ ಕಾರ್ಡ್, ಆಧಾರ್ ಚೀಲಕ್ಕೆ ಹಾಕು" ಎಂದು ಬರೆದರೆ ಕೈ ತಾನಾಗಿ ಏಳುತ್ತದೆ. ತಳ್ಳುತ್ತ ಬಂದ ಕೆಲಸಕ್ಕೆ ಯಾರಾದರೂ ಜೊತೆ ಕೂರಲಿ. ಪಕ್ಕದ ಮನೆಯವರು ಅವರ ಬೀಡಿ ಕಟ್ಟುತ್ತಿರಲಿ, ನೀವು ನಿಮ್ಮ ಲೆಕ್ಕ ಬರೆಯಿರಿ. ಅವರೇನೂ ಸಹಾಯ ಮಾಡಬೇಕಿಲ್ಲ, ಪಕ್ಕದಲ್ಲಿದ್ದರೆ ಸಾಕು. ಇದರಿಂದ ಹಲವರಿಗೆ ಕೆಲಸ ನಡೆಯುತ್ತದೆ.

ಯಾವ ಉಪಾಯವೂ ಕೆಲವು ವಾರಕ್ಕೆ ಹಳತಾಗಿ ಕಣ್ಣಿಗೆ ಬೀಳದಂತಾಗುತ್ತದೆ. ಅದು ನಿಮ್ಮ ಸೋಲಲ್ಲ, ಈ ಮೆದುಳಿಗೆ ಹೊಸತು ಬೇಕು. ಅಲಾರಂ ಸದ್ದು, ಚೀಟಿಯ ಬಣ್ಣ, ಬುಟ್ಟಿಯ ಜಾಗ ಬದಲಿಸಿ, ವ್ಯವಸ್ಥೆಯನ್ನೇ ಬಿಡಬೇಡಿ. ಇದನ್ನೆಲ್ಲ ಒಟ್ಟಿಗೇ ಶುರುಮಾಡಬೇಡಿ. ಎರಡು ವಾರಕ್ಕೆ ಒಂದು.

ಮಾತ್ರೆ ನುಂಗುವ ಮೊದಲು ಹೊಟ್ಟೆತುಂಬ ತಿನ್ನಿ. ನೀರುದೋಸೆ-ಚಟ್ನಿಯಲ್ಲಿ ಪ್ರೋಟೀನ್ ಕಡಿಮೆ. ಜೊತೆಗೆ ಕಡಲೆ ಗಸಿ, ಹೆಸರುಕಾಳು ಅಥವಾ ಮೊಟ್ಟೆ ಇರಲಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ದಿನಾ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನದ ಮೇಲೆ ಚಹಾ-ಕಾಫಿ ಬಿಡುವುದು ನೆರವಾಗುತ್ತವೆ. ಮನಶ್ಶಾಸ್ತ್ರಜ್ಞರ ಬಳಿ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಸಿಕ್ಕರೆ ಬಿಡಬೇಡಿ, ವರ್ಷಗಳಿಂದ ಕೇಳಿದ "ಸೋಮಾರಿ" ಎಂಬ ಮಾತು ಮಾತ್ರೆಯಿಂದ ಹೋಗುವುದಿಲ್ಲ.

ಗಂಡ, ಅತ್ತೆ ಮೇಲ್ವಿಚಾರಕರಾದರೆ ಕೆಲಸ ಕೆಡುತ್ತದೆ. "ಮರೆತೆಯಾ?" ಎಂದು ಕೇಳುವ ಬದಲು ಕೆಲಸ ಹಂಚಿಕೊಳ್ಳಲಿ: ಮಕ್ಕಳ ಶಾಲೆಯ ಚೀಟಿ, ಮಾವನ ಮದ್ದು ಪೂರ್ತಿಯಾಗಿ ಒಬ್ಬರ ಹೊಣೆ, ನೆನಪಿಸುವುದೂ ಸೇರಿ. ಇದನ್ನು ಮನೆಯಲ್ಲಿ ಹೇಳುವುದು ಕಷ್ಟವಾದರೆ ಮರುಭೇಟಿಗೆ ಅವರನ್ನೂ ಕರೆದೊಯ್ದು ವೈದ್ಯರಿಂದಲೇ ಹೇಳಿಸಿ. ಸಾಯಬೇಕೆಂಬ ಯೋಚನೆ ಬಂದರೆ ಮರುಭೇಟಿಗೆ ಕಾಯಬಾರದು, ಆ ದಿನವೇ 14416ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ.

ಮರುಭೇಟಿಗೆ ಒಯ್ಯಬೇಕಾದದ್ದು: ಅಂಕ ಬರೆದ ಕ್ಯಾಲೆಂಡರ್ ಹಾಳೆ, ತೂಕ, ರಕ್ತದೊತ್ತಡ, ನಾಡಿಯ ಲೆಕ್ಕ, ಮಾತ್ರೆ ತಪ್ಪಿದ ದಿನಗಳು, ಮತ್ತು ಮೊದಲಿಗಿಂತ ಸುಲಭವಾದ ಒಂದೆರಡು ಕೆಲಸಗಳ ಹೆಸರು.