777 ಇಲ್ಲದೆ ನಡೆಯುತ್ತಿರುವ ನಮ್ಮ ಸರ್ವರ್

ಗದಗಿನ ನಮ್ಮ ಮುದ್ರಣಾಲಯದ ಲಿನಕ್ಸ್ ಸರ್ವರಿನಲ್ಲಿ ಈಗ ಒಂದು ಫೋಲ್ಡರಿಗೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಇಲ್ಲ (ಮೂರು ಅಂಕಿಗಳು ಕ್ರಮವಾಗಿ ಒಡೆಯ, ಗ್ರೂಪು, ಉಳಿದವರದು; ಓದಲು 4, ಬರೆಯಲು 2, ಚಲಾಯಿಸಲು ಅಥವಾ ಫೋಲ್ಡರಿನೊಳಗೆ ಹೋಗಲು 1 ಕೂಡಿಸಿ ಒಂದೊಂದು ಅಂಕಿ). ಆದರೂ ಅಕ್ಷರ ಜೋಡಿಸುವವರು, ಕರಡು ತಿದ್ದುವವರು, ಪ್ಲೇಟ್ ಮಾಡುವವರು ಒಂದೇ ಫೈಲಿನಲ್ಲಿ ಸರಾಗವಾಗಿ ಕೆಲಸ ಮಾಡುತ್ತಾರೆ. ಹುಬ್ಬಳ್ಳಿಯಿಂದ ಬರುತ್ತಿದ್ದ ತಂತ್ರಜ್ಞರು “ಇದು ಆಗೂದಲ್ರೀ ಸರ, 777 ಕೊಟ್ಟು ಬಿಡ್ರಿ, ಇಲ್ಲಾಂದ್ರ ಹೊಸ ಸ್ಟೋರೇಜ್ ತೊಗೋರಿ” ಎಂದು ಸುಮಾರು 40,000 ರೂಪಾಯಿಯ ಲೆಕ್ಕ ಕೊಟ್ಟಿದ್ದರು.

777 ಇದ್ದಾಗಲೇ ಒಂದು ಲಗ್ನಪತ್ರಿಕೆಯ ತಿದ್ದಿದ ಫೈಲು ಅಳಿಸಿಹೋಗಿ, ಹಳೆಯ ಪ್ರತಿಯಿಂದ ಪ್ಲೇಟ್ ಆಗಿ, ಕಾಗದವೂ ಸೇರಿ ಏಳೆಂಟು ಸಾವಿರ ಹೋಗಿತ್ತು. ಆ ಫೈಲಿಗೆ 444, ಅಂದರೆ ಎಲ್ಲರಿಗೂ ಓದಲು ಮಾತ್ರ, ಇತ್ತು. ಆದರೆ ಅಳಿಸುವ ಅಧಿಕಾರ ಫೈಲಿನ ಅನುಮತಿಯ ಬಿಟ್‌ಗಳಲ್ಲಿಲ್ಲ, ಅದಿರುವ ಡೈರೆಕ್ಟರಿಯ (ಫೋಲ್ಡರಿನ) ಡಬ್ಲ್ಯು (ಬರೆಯುವ) ಮತ್ತು ಎಕ್ಸ್ (ಒಳಗೆ ಹೋಗುವ) ಬಿಟ್‌ಗಳಲ್ಲಿದೆ.

ಎಲ್ಲರನ್ನೂ ಒಂದು ಗ್ರೂಪಿಗೆ ಸೇರಿಸಿ ಡೈರೆಕ್ಟರಿಗಳಿಗೆ 2770 ಕೊಟ್ಟೆ (ಮೊದಲ 2 ಎಂದರೆ ಸೆಟ್‌ಜಿಐಡಿ, ಹೊಸ ಫೈಲಿಗೆ ಡೈರೆಕ್ಟರಿಯ ಗ್ರೂಪನ್ನೇ ಕೊಡುವ ಗುರುತು). ಸೆಟ್‌ಜಿಐಡಿಯಿಂದ ಹೊಸ ಫೈಲಿಗೆ ಗ್ರೂಪೇನೋ ಸರಿಯಾಗಿ ಬಂತು, ಆದರೆ ಯೂಮಾಸ್ಕ್ (ಹೊಸ ಫೈಲಿನಿಂದ ತೆಗೆದುಹಾಕುವ ಅನುಮತಿ) 022 ಇದ್ದುದರಿಂದ ಫೈಲುಗಳು 644 ಆಗಿ ಹುಟ್ಟಿ, ಪಕ್ಕದವರಿಗೆ ಬರೆಯಲು ಬರಲಿಲ್ಲ. 007 ಮಾಡಿದ ಮೇಲೆ 660 ಬಂತು. ಟರ್ಮಿನಲ್ಲಿನಲ್ಲಿ ಇದು ಸುಲಭ. ಡೆಸ್ಕ್‌ಟಾಪಿನಿಂದ ತೆರೆದ ತಂತ್ರಾಂಶಗಳಿಗೂ ತಗಲುವಂತೆ ಮಾಡಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ. ಅದೇ ಡಿಸ್ಕಿನ ಬೇರೆ ಫೋಲ್ಡರಿನಿಂದ ಎಂವಿ ಮಾಡಿದ (ಸ್ಥಳಾಂತರಿಸಿದ) ಫೈಲು ತನ್ನ ಹಳೆಯ ಗ್ರೂಪು, ಹಳೆಯ ಬಿಟ್‌ಗಳೊಂದಿಗೇ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಸಿಪಿ (ನಕಲು) ಮಾಡುವುದೇ ನಿಯಮ. ಅದರಿಂದ ಗ್ರೂಪು ಸರಿಯಾಗುತ್ತದೆ, ಆದರೆ ಗ್ರೂಪಿಗೆ ಬರೆಯುವ ಅನುಮತಿ ಮೂಲ ಫೈಲಿನಲ್ಲಿಲ್ಲದಿದ್ದರೆ ನಕಲಿಗೂ ಬರುವುದಿಲ್ಲ.

ಹಳೆಯ ಫೈಲುಗಳನ್ನು ಸರಿಪಡಿಸುವಲ್ಲಿ, ಅನುಮತಿ ಬದಲಿಸುವ ಆದೇಶವಾದ ಚ್‌ಮಾಡ್‌ನ ದೊಡ್ಡ ಎಕ್ಸ್ (ಡೈರೆಕ್ಟರಿಗಳಿಗೆ, ಇಲ್ಲವೇ ಮೊದಲೇ ಎಕ್ಸ್ ಇರುವ ಫೈಲುಗಳಿಗೆ ಮಾತ್ರ ಎಕ್ಸ್ ಕೊಡುವಂಥದು) ಕೈಕೊಟ್ಟಿತು. 777ರಿಂದಾಗಿ ಪ್ರತಿ ಫೈಲಿಗೂ ಮೊದಲೇ ಎಕ್ಸ್ ಅಂಟಿಕೊಂಡಿದ್ದುದರಿಂದ ಅದು ಹಾಗೆಯೇ ಉಳಿಯಿತು. ಕೊನೆಗೆ ಹುಡುಕುವ ಆದೇಶವಾದ ಫೈಂಡ್‌ನಿಂದ ಡೈರೆಕ್ಟರಿಗಳನ್ನೂ ಫೈಲುಗಳನ್ನೂ ಬೇರೆ ಬೇರೆ ಹಿಡಿದು 2770, 660 ಮಾಡಬೇಕಾಯಿತು.

ಅಳಿಸುವ ಕಾಟಕ್ಕೆ ಸ್ಟಿಕಿ ಬಿಟ್ (ಬೇರೆಯವರ ಫೈಲನ್ನು ಅಳಿಸದಂತೆ, ಹೆಸರು ಬದಲಿಸದಂತೆ ತಡೆಯುವ ಗುರುತು, ಮೊದಲ ಅಂಕಿಗೆ 1) ಸೇರಿಸಿ ಎಲ್ಲೆಡೆ 3770 ಕೊಟ್ಟು ನೋಡಿದೆ. ಉಳಿಸುವಾಗ ತಾತ್ಕಾಲಿಕ ಫೈಲು ಬರೆದು ಹಳೆಯದರ ಹೆಸರಿಗೆ ಬದಲಿಸುವ ತಂತ್ರಾಂಶಗಳು, ಇನ್ನೊಬ್ಬರ ಫೈಲನ್ನು ತಿದ್ದುವಾಗ ತಕರಾರು ತೆಗೆದವು. ಹೀಗಾಗಿ 3770 ಈಗ ಪ್ಲೇಟಿಗೆ ಹೋಗುವ ಫೋಲ್ಡರಿಗೆ ಮಾತ್ರ. ಅಲ್ಲಿ ಫೈಲಿನ ಒಡೆಯ, ಡೈರೆಕ್ಟರಿಯ ಒಡೆಯ, ರೂಟ್ (ಸರ್ವರಿನ ಮೇಲಧಿಕಾರದ ಖಾತೆ) ಬಿಟ್ಟು ಬೇರೆಯವರು ಅಳಿಸಲಾರರು.

ಕುತೂಹಲಕ್ಕೆ ನನ್ನದೇ ಫೈಲೊಂದಕ್ಕೆ 060 ಕೊಟ್ಟೆ. ಗ್ರೂಪಿನವರೆಲ್ಲ ಓದಿದರು, ಅದೇ ಗ್ರೂಪಿನಲ್ಲಿದ್ದರೂ ನನಗೆ ಮಾತ್ರ ತೆರೆಯಲಿಲ್ಲ, ಏಕೆಂದರೆ ಒಡೆಯನಿಗೆ ಒಡೆಯನ ಬಿಟ್‌ಗಳನ್ನಷ್ಟೇ ನೋಡಲಾಗುತ್ತದೆ. ಆ ತಂತ್ರಜ್ಞರು ಇದನ್ನು ಒಪ್ಪದೆ, ತಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿಯೇ ನಂಬಿದರು. ಒಟ್ಟು ಖರ್ಚು, ಬ್ಯಾಕಪ್ಪಿಗೆ ಕೊಂಡ ಹಾರ್ಡ್ ಡಿಸ್ಕಿನ ನಾಲ್ಕು ಸಾವಿರದಷ್ಟು.